ಜ್ವರ ಬಂದ ಮಗು ಮನೆಯಲ್ಲಿರಲಿ: ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಶಾಲೆ ಶುರುವಾಗಿದೆ, ಮಳೆಯೂ ಹಿಡಿದಿದೆ. ಮೊದಲು ಸುದ್ದಿ ಹೇಳಿಬಿಡುತ್ತೇನೆ, ಆಮೇಲೆ ಕಾರಣ.

ಈ ವರ್ಷದಿಂದ ನಮ್ಮ ಶಾಲೆಯಲ್ಲಿ ಪೂರ್ಣ ಹಾಜರಾತಿಗೆ ಬಹುಮಾನ ಇರುವುದಿಲ್ಲ. ಒಂದು ದಿನವೂ ತಪ್ಪಿಸದ ಮಕ್ಕಳಿಗೆ ವಾರ್ಷಿಕೋತ್ಸವದಲ್ಲಿ ಸ್ಟೀಲ್ ಡಬ್ಬಿ ಕೊಡುತ್ತಿದ್ದೆವಲ್ಲ, ಅದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮಾತಾಡಿಯೇ ತೀರ್ಮಾನ ಮಾಡಿದ್ದೇವೆ. ದುಡ್ಡು ಉಳಿಸುವುದಕ್ಕಲ್ಲ. ಆ ಡಬ್ಬಿಯ ಆಸೆಗೆ ಜ್ವರ ಬಂದ ಮಕ್ಕಳೂ ಸ್ವೆಟರ್ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಮುದುರಿ ಕೂರುತ್ತಾರೆ. ಬೆಳಿಗ್ಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ ಕಳಿಸಿದರೆ ಪ್ರಾರ್ಥನೆಯ ಹೊತ್ತಿಗೆ ಹುಷಾರಾಗಿ ಕಾಣುತ್ತಾರೆ. ಬಿಸಿಯೂಟದ ಹೊತ್ತಿಗೆ ಮೈ ಮತ್ತೆ ಕಾದಿರುತ್ತದೆ. ಇದು ನಿಮಗೂ ಗೊತ್ತು, ನಮಗೂ ಗೊತ್ತು. ಸಿರಪ್ ಜ್ವರವನ್ನು ಇಳಿಸುತ್ತದೆ ಅಷ್ಟೆ. ಅದು ಫ್ಲೂ ಅನ್ನುವ ವೈರಸ್ ಜ್ವರವಾಗಿದ್ದರೆ, ಮಗುವಿನ ಕೆಮ್ಮು, ಸೀನಿನ ಜೊತೆ ವೈರಸ್ ಹೊರಗೆ ಬರುತ್ತಲೇ ಇರುತ್ತದೆ.

‘ಒಂದು ಫ್ಲೂಗೆ ಇಷ್ಟೊಂದು ಗಲಾಟೆಯಾ ಮೇಡಂ?’ ಅಂತ ಒಬ್ಬ ತಂದೆ ಸಭೆಯಲ್ಲೇ ಕೇಳಿದರು. ಕೇಳಿದ್ದು ಒಳ್ಳೆಯದೇ ಆಯಿತು. ಅವರಿಗೆ ಹೇಳಿದ್ದನ್ನೇ ನಿಮಗೂ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಡಬ್ಲ್ಯೂ. ಪಾಲ್ ಗ್ಲೆಜನ್ ಅಂತ ಒಬ್ಬ ಡಾಕ್ಟರು. ಮಕ್ಕಳ ಸೋಂಕು ರೋಗಗಳ ತಜ್ಞರು. ಅಮೆರಿಕದ ಟೆಕ್ಸಾಸ್‌ನಲ್ಲಿರುವ ಹ್ಯೂಸ್ಟನ್ ನಗರದ ಬೇಲರ್ ವೈದ್ಯಕೀಯ ಕಾಲೇಜಿನಲ್ಲಿ ಬಹಳ ವರ್ಷ ಕೆಲಸ ಮಾಡಿದವರು. 1970ರ ದಶಕದ ನಡುವಿನಲ್ಲಿ ಅವರೂ ಸಂಗಡಿಗರೂ ಒಂದು ಕೆಲಸ ಶುರು ಮಾಡಿದರು. ಜ್ವರ, ಕೆಮ್ಮು ಅಂತ ಕ್ಲಿನಿಕ್ಕುಗಳಿಗೆ ಬಂದವರ ಗಂಟಲು, ಮೂಗಿನಿಂದ ಮಾದರಿ ತೆಗೆಯುವುದು, ಲ್ಯಾಬಿನಲ್ಲಿ ಫ್ಲೂ ವೈರಸ್ ಇದೆಯಾ ಅಂತ ನೋಡುವುದು, ಜೊತೆಗೆ ವಯಸ್ಸನ್ನೂ ಬರೆದಿಡುವುದು. ನಮ್ಮ ಹಾಜರಿ ಪುಸ್ತಕದ ಹಾಗೆ, ಬಿಡದೆ. ಕೇಳುವುದಕ್ಕೆ ಬೇಸರದ ಕೆಲಸ. ಆದರೆ ಆ ಲೆಕ್ಕದಲ್ಲಿ ಒಂದು ವಿಷಯ ಎದ್ದು ಕಂಡಿತು. ಫ್ಲೂ ಊರಿಗೆ ಬಂದ ಮೊದಲ ವಾರಗಳಲ್ಲಿ ರೋಗಿಗಳ ಪೈಕಿ ಶಾಲೆಗೆ ಹೋಗುವ ಮಕ್ಕಳ ಪಾಲೇ ಜಾಸ್ತಿ. ದಿನ ಕಳೆದ ಹಾಗೆ ಅವರ ಪಾಲು ಇಳಿಯುತ್ತದೆ. ಇನ್ನೂ ಶಾಲೆಗೆ ಸೇರದ ಪುಟ್ಟ ಮಕ್ಕಳದ್ದು ಮತ್ತು ದೊಡ್ಡವರದ್ದು ಏರುತ್ತದೆ.

ಶಾಲೆಯಲ್ಲಿ ಹತ್ತಿಕೊಂಡದ್ದು ಮನೆಗೆ ಬಂದು ಹರಡುತ್ತಿದೆ ಅಂತ ಇದರಿಂದ ತಿಳಿಯಿತು. ತಂದವರಿಗೆ ಹೆಚ್ಚೇನೂ ಆಗುವುದಿಲ್ಲ. ಎಂಟು ವರ್ಷದ ಗಟ್ಟಿಮುಟ್ಟಾದ ಹುಡುಗ ಸಾಮಾನ್ಯವಾಗಿ ಒಂದು ವಾರದಲ್ಲಿ ಎದ್ದು ಓಡಾಡುತ್ತಾನೆ. ಕಷ್ಟ ಇರುವುದು ತೊಟ್ಟಿಲಲ್ಲಿರುವ ತಂಗಿಗೆ, ಸಕ್ಕರೆ ಕಾಯಿಲೆ ಇರುವ ಅಜ್ಜಿಗೆ, ದಮ್ಮು ಇರುವ ತಾತನಿಗೆ. ಇದನ್ನು ನಾವು ದೂರದ ಊರಿನ ಕಥೆ ಅಂದುಕೊಳ್ಳುವ ಹಾಗಿಲ್ಲ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಅನ್ನುವ ಫ್ಲೂನಿಂದ ರಾಜ್ಯದಲ್ಲಿ ಮೊದಲ ಸಾವು ಅಂತ ವರದಿಯಾದದ್ದು ನಮ್ಮ ಹಾಸನ ಜಿಲ್ಲೆಯಲ್ಲೇ. ತೀರಿಕೊಂಡವರು ಎಂಬತ್ತು ದಾಟಿದ ಹಿರಿಯರು.

ಮಕ್ಕಳಿಗೇ ಲಸಿಕೆ ಕೊಟ್ಟರೆ ಮನೆಯ ದೊಡ್ಡವರಿಗೂ ಉಪಯೋಗ ಆಗಬೇಕಲ್ವಾ? ಗ್ಲೆಜನ್ ಅವರ ತಂಡ 1998ರಿಂದ ಇದನ್ನೇ ಪರೀಕ್ಷೆ ಮಾಡಿತು. ಟೆಕ್ಸಾಸ್‌ನ ಟೆಂಪಲ್ ಮತ್ತು ಬೆಲ್ಟನ್ ಅನ್ನುವ ಅಕ್ಕಪಕ್ಕದ ಊರುಗಳಲ್ಲಿ ಮಕ್ಕಳಿಗೆ ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ ಕೊಟ್ಟರು. ಬೇರೆ ಕೆಲವು ಊರುಗಳನ್ನು ಹೋಲಿಸಿ ನೋಡುವುದಕ್ಕೆ ಇಟ್ಟುಕೊಂಡರು. ಎಲ್ಲ ಮಕ್ಕಳೂ ಲಸಿಕೆ ತೆಗೆದುಕೊಳ್ಳಲಿಲ್ಲ. ಹೆಚ್ಚುಕಮ್ಮಿ ನಾಲ್ಕರಲ್ಲಿ ಒಂದು ಮಗು ಅಷ್ಟೆ. ಅಷ್ಟಕ್ಕೇ ಆ ಊರಿನ 35 ದಾಟಿದ ದೊಡ್ಡವರಲ್ಲಿ ಕೆಮ್ಮು ಜ್ವರಕ್ಕೆ ಡಾಕ್ಟರ ಹತ್ತಿರ ಹೋಗುವುದು ಶೇ. 8ರಿಂದ 18ರಷ್ಟು ಕಡಿಮೆಯಾಗಿತ್ತು. ಸಣ್ಣ ಸಂಖ್ಯೆ ಅನ್ನಿಸಬಹುದು. ಆದರೆ ಲಸಿಕೆ ಹಾಕಿದ್ದು ಮಕ್ಕಳಿಗೆ ಅನ್ನುವುದನ್ನು ಮರೆಯಬೇಡಿ.

ನನಗೆ ಇದಕ್ಕಿಂತ ಹೆಚ್ಚು ನಂಬಿಕೆ ಬಂದದ್ದು ಕೆನಡಾದ ಒಂದು ಅಧ್ಯಯನದಿಂದ. 2010ರಲ್ಲಿ ಪ್ರಕಟವಾದದ್ದು. ಅಲ್ಲಿ ಹಟರೈಟ್ ಅನ್ನುವ ಜನ ಇದ್ದಾರೆ. ಒಂದೊಂದು ಕಾಲನಿಯಲ್ಲಿ ಹಲವು ಮನೆಯವರು ಒಟ್ಟಿಗೇ ದುಡಿದು, ಒಟ್ಟಿಗೇ ಉಣ್ಣುತ್ತಾರೆ. ಕೆಲವು ಕಾಲನಿಯ ಮಕ್ಕಳಿಗೆ ಫ್ಲೂ ಲಸಿಕೆ, ಉಳಿದ ಕಾಲನಿಯ ಮಕ್ಕಳಿಗೆ ಕಾಮಾಲೆಯ ಒಂದು ಲಸಿಕೆ ಕೊಟ್ಟರು. ಯಾವ ಕಾಲನಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಹಾಗಾಗಿ ಹೋಲಿಕೆಯಲ್ಲಿ ಮೋಸ ಇಲ್ಲ. ಮಕ್ಕಳಿಗೆ ಫ್ಲೂ ಲಸಿಕೆ ಸಿಕ್ಕಿದ ಕಾಲನಿಗಳಲ್ಲಿ, ಲಸಿಕೆಯನ್ನೇ ಹಾಕಿಸಿಕೊಳ್ಳದವರಿಗೂ ಶೇ. 61ರಷ್ಟು ರಕ್ಷಣೆ ಸಿಕ್ಕಿತು. ಜಪಾನಿನಲ್ಲಂತೂ 1962ರಿಂದ 1987ರವರೆಗೆ ಶಾಲೆಗಳಲ್ಲೇ ಮಕ್ಕಳಿಗೆ ಫ್ಲೂ ಲಸಿಕೆ ಹಾಕುತ್ತಿದ್ದರು. ಆ ಕಾಲದಲ್ಲಿ ಚಳಿಗಾಲದ ಸಾವುಗಳು ಕಡಿಮೆಯಾಗಿದ್ದವು, ನಿಲ್ಲಿಸಿದ ಮೇಲೆ ಏರಿದವು ಅಂತ 2001ರಲ್ಲಿ ಒಂದು ಲೆಕ್ಕ ಬಂತು. ಆ ಲೆಕ್ಕದ ಬಗ್ಗೆ ತಕರಾರು ಎತ್ತಿದವರೂ ಇದ್ದಾರೆ, ಅದನ್ನೂ ಹೇಳಬೇಕು.

ಇನ್ನು ನಮ್ಮೂರಿಗೆ ಬರೋಣ. ಸಕಲೇಶಪುರದ ಕಡೆ ಮಳೆ ಶುರುವಾದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ‘ಮಳೇಲಿ ನೆನೆದ, ಅದಕ್ಕೇ ಜ್ವರ’ ಅನ್ನುತ್ತೇವೆ. ನೆನೆದರೆ ಚಳಿಯಾಗುತ್ತದೆ, ನಿಜ. ಆದರೆ ಫ್ಲೂ ಮೋಡದಿಂದ ಉದುರುವುದಿಲ್ಲ. ಅದು ಇನ್ನೊಬ್ಬ ಮನುಷ್ಯನಿಂದಲೇ ಬರಬೇಕು. ಮಳೆ ಬಂದಾಗ ನಾವು ಕಿಟಕಿ ಮುಚ್ಚುತ್ತೇವೆ, ಮಕ್ಕಳನ್ನು ಒಳಗೇ ಕೂರಿಸುತ್ತೇವೆ, ಒಂದೇ ಬೆಂಚಿಗೆ ನಾಲ್ಕು ಜನ. ವೈರಸ್‌ಗೆ ಅದು ಸಾಕು. ನಮ್ಮ ದೇಶದ ಬಹಳ ಕಡೆ ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ಫ್ಲೂ ಜಾಸ್ತಿಯಾಗುತ್ತದೆ. ಹಾಗಾಗಿ ಗಾಳಿಮಳೆ ಇಲ್ಲದ ಹೊತ್ತಿನಲ್ಲೆಲ್ಲ ತರಗತಿಯ ಕಿಟಕಿ ತೆಗೆಸುತ್ತೇವೆ. ಚಳಿ ಅಂತ ಮಕ್ಕಳು ದೂರು ತಂದರೆ ಇನ್ನೊಂದು ಸ್ವೆಟರ್ ಹಾಕಿ ಕಳಿಸಿ, ನಮ್ಮ ಮೇಲೆ ಕೋಪ ಬೇಡ.

ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಬರೆಯುವುದು ಸುಲಭ. ತೋಟದ ಕೆಲಸಕ್ಕೆ ಹೋಗುವ ತಾಯಿಗೆ ಅದು ಆ ದಿನದ ಕೂಲಿ. ಆಗ ಮಗುವನ್ನು ಯಾರ ಹತ್ತಿರ ಬಿಡುತ್ತೀರಿ? ಅಜ್ಜಿಯ ಹತ್ತಿರ. ಯಾರಿಗೆ ತಗುಲಬಾರದೋ ಅವರ ಮಡಿಲಿಗೇ ಹಾಕಿದ ಹಾಗಾಯಿತು. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಬೇರೆ ಕೋಣೆ ಮಾಡಿ ಅಂದರೆ ನೀವು ನಗುತ್ತೀರಿ. ಆದಷ್ಟು ಮಾಡೋಣ. ಆ ಎರಡು ಮೂರು ರಾತ್ರಿ ಮಗು ಅಜ್ಜಿಯ ಪಕ್ಕ ಮಲಗುವುದು ಬೇಡ, ಒಂದೇ ಕಂಬಳಿಯಲ್ಲಂತೂ ಬೇಡವೇ ಬೇಡ. ಹತ್ತಿರ ಕೂತು ನೋಡಿಕೊಳ್ಳುವವರು ಮಾಸ್ಕ್ ಹಾಕಿಕೊಳ್ಳಲಿ. ಮೂಗು ಒರೆಸಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ. ಒಂದು ಕಿಟಕಿಯಾದರೂ ತೆರೆದಿರಲಿ. ಶುಂಠಿ, ಮೆಣಸು, ಜೀರಿಗೆ ಕಷಾಯ ಧಾರಾಳವಾಗಿ ಕೊಡಿ, ಗಂಟಲಿಗೆ ಹಿತ. ಅದು ವೈರಸ್ಸನ್ನು ಕೊಲ್ಲುತ್ತದೆ ಅಂತ ಮಾತ್ರ ನಂಬಬೇಡಿ. ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬೇಡಿ.

ಲಸಿಕೆಯ ವಿಷಯ. ಮೊದಲೇ ಹೇಳುತ್ತೇನೆ, ಶಾಲೆಯಲ್ಲಿ ಫ್ಲೂ ಲಸಿಕೆ ಹಾಕುವುದಿಲ್ಲ, ಹಾಕಿಸಿಯೇ ಬನ್ನಿ ಅಂತ ಯಾರನ್ನೂ ಒತ್ತಾಯ ಮಾಡುವುದಿಲ್ಲ. ಪೋಲಿಯೊ, ದಡಾರದ ಲಸಿಕೆಯ ಹಾಗೆ ಇದು ಸರ್ಕಾರದ ಉಚಿತ ಪಟ್ಟಿಯಲ್ಲಿ ಇಲ್ಲ. ಖಾಸಗಿಯಾಗಿ ದುಡ್ಡು ಕೊಟ್ಟೇ ಹಾಕಿಸಬೇಕು, ನಮ್ಮಲ್ಲಿ ಎಷ್ಟೋ ಮನೆಗಳಿಗೆ ಅದು ಕೆಲವು ದಿನದ ಕೂಲಿ. ಪ್ರತಿ ವರ್ಷ ಹೊಸದಾಗಿ ಹಾಕಿಸಬೇಕು, ಏಕೆಂದರೆ ವೈರಸ್ ರೂಪ ಬದಲಾಯಿಸುತ್ತಿರುತ್ತದೆ. ಯಾವ ತಳಿ ಸೇರಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಹೇಳುತ್ತದೆ. ಅಂದಾಜು ಸರಿಯಾದ ವರ್ಷದಲ್ಲೂ ನೂರಕ್ಕೆ ನೂರು ರಕ್ಷಣೆ ಇಲ್ಲ, ಡಾಕ್ಟರ ಹತ್ತಿರ ಹೋಗುವಂಥ ಫ್ಲೂ ಸುಮಾರು ಅರ್ಧದಷ್ಟು ಕಡಿಮೆಯಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಲಸಿಕೆಯ ಪರವೇ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಇದನ್ನು ಹಾಕಿಸಲು ಹೇಳುತ್ತದೆ. ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಆಸ್ತಮಾ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇದ್ದರೆ ಖಂಡಿತ ಡಾಕ್ಟರನ್ನು ಕೇಳಿ. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲವಾದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಹಾಕಿಸಿದ ಮೇಲೆ ರಕ್ಷಣೆ ಬರಲು ಸುಮಾರು ಎರಡು ವಾರ ಹಿಡಿಯುತ್ತದೆ, ಹಾಗಾಗಿ ಮಳೆಗೆ ಮುಂಚೆ ಹಾಕಿಸಿದರೆ ಒಳ್ಳೆಯದು, ಈಗಲೂ ತಡವಲ್ಲ. ಮನೆಯಲ್ಲಿ ಒಬ್ಬರಿಗೆ ಮಾತ್ರ ಹಾಕಿಸುವಷ್ಟು ದುಡ್ಡಿದೆ ಅಂದರೆ ನನ್ನ ಮಾತು ಕೇಳಿ, ಸಕ್ಕರೆ, ದಮ್ಮಿನಂಥ ಕಾಯಿಲೆ ಇರುವವರಿಗೆ ಮೊದಲು ಹಾಕಿಸಿ. ‘ಸೂಜಿ ಹಾಕಿಸಿದ ಮೇಲೇ ಫ್ಲೂ ಬಂತು’ ಅನ್ನುವವರು ಇದ್ದಾರೆ. ಸೂಜಿಯ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರಲು ಸಾಧ್ಯವಿಲ್ಲ. ಒಂದೆರಡು ದಿನ ಕೈ ನೋವು, ಸ್ವಲ್ಪ ಮೈ ಬಿಸಿ ಆಗಬಹುದು.

ಮನೆಯಲ್ಲಿ ಬಸುರಿ ಇದ್ದರೆ ಇನ್ನೊಂದು ಮಾತು. ಆರು ತಿಂಗಳೊಳಗಿನ ಕೂಸಿಗೆ ಈ ಲಸಿಕೆ ಕೊಡುವ ಹಾಗಿಲ್ಲ. ಆದರೆ ತಾಯಿ ಗರ್ಭಿಣಿಯಾಗಿದ್ದಾಗ ಹಾಕಿಸಿಕೊಂಡರೆ ರಕ್ಷಣೆ ಕೂಸಿಗೂ ದಾಟುತ್ತದೆ. ಬಾಂಗ್ಲಾದೇಶದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಗೆ ಹುಟ್ಟಿದ ಕೂಸುಗಳಿಗೆ ಫ್ಲೂ ಬರುವುದು ಶೇ. 63ರಷ್ಟು ಕಡಿಮೆಯಾಗಿತ್ತು. ತಪಾಸಣೆಗೆ ಹೋದಾಗ ಕೇಳಿ.

ಎಲ್ಲ ಜ್ವರವೂ ಫ್ಲೂ ಅಲ್ಲ. ಮಳೆಗಾಲದಲ್ಲಿ ಡೆಂಗ್ಯೂ ಕೂಡ ಇದೆ. ಸುಮ್ನೆ ಅಂಗಡಿಯಿಂದ ಮಾತ್ರೆ ತಂದು ಕೊಡಬೇಡಿ. ಆಸ್ಪಿರಿನ್ ಅಂತೂ ಮಕ್ಕಳಿಗೆ ಬೇಡ. ಹಿಂದಿನ ಸಲ ಉಳಿದ ಆಂಟಿಬಯಾಟಿಕ್ ವೈರಸ್‌ಗೆ ಕೆಲಸ ಮಾಡುವುದಿಲ್ಲ. ಮಗು ಬೇಗ ಬೇಗ ಉಸಿರಾಡಿದರೆ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದರೆ, ನೀರು ಕುಡಿಯದೆ ಮಂಕಾಗಿ ಮಲಗಿದರೆ, ಫಿಟ್ಸ್ ಬಂದರೆ, ಅಥವಾ ವಾಸಿಯಾಗುತ್ತಿದೆ ಅನ್ನುವಷ್ಟರಲ್ಲಿ ಜ್ವರ ಮತ್ತೆ ಏರಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಗೆ ಹೊರಡಿ.

ಶಾಲೆಯ ಕಡೆಯಿಂದ ನಾವು ಮಾಡುವುದಿಷ್ಟು. ಸಿರಪ್ ಕೊಡದೆಯೂ ಇಡೀ ಒಂದು ದಿನ ಜ್ವರ ಬಾರದಿದ್ದರೆ ಮಾತ್ರ ಮಗುವನ್ನು ಕಳಿಸಿ. ರಜಾ ಅರ್ಜಿ ಬರೆಯಲು ಆಗದವರು ತರಗತಿ ಶಿಕ್ಷಕರಿಗೆ ಒಂದು ಫೋನ್ ಮಾಡಿದರೆ ಸಾಕು. ತಪ್ಪಿಹೋದ ಕಿರುಪರೀಕ್ಷೆಯನ್ನು ಮತ್ತೆ ಕೊಡುತ್ತೇವೆ, ನೋಟ್ಸ್ ಬರೆಸುತ್ತೇವೆ. ತರಗತಿಯಲ್ಲಿ ಮೈ ಬಿಸಿಯಾದ ಮಗುವನ್ನು ಆಫೀಸ್ ಕೋಣೆಯಲ್ಲಿ ಮಲಗಿಸಿ ನಿಮಗೆ ಫೋನ್ ಮಾಡುತ್ತೇವೆ. ದಯವಿಟ್ಟು ಎತ್ತಿ. ತೋಟದಲ್ಲಿ ಸಿಗ್ನಲ್ ಸಿಗದವರು ಪಕ್ಕದ ಮನೆಯವರ ನಂಬರನ್ನೂ ಈ ವಾರವೇ ಬರೆಸಿ.

ಬರುವ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಪೋಷಕರ ಸಭೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೂ ಆಶಾ ಕಾರ್ಯಕರ್ತೆಯೂ ಬರುತ್ತಾರೆ. ಲಸಿಕೆಯ ಬಗ್ಗೆ ಅನುಮಾನ ಇದ್ದರೆ ನನಗಿಂತ ಅವರನ್ನು ಕೇಳುವುದು ಒಳ್ಳೆಯದು. ನಡೆದು ಬರಲು ಆಗುವ ಅಜ್ಜಿ, ತಾತಂದಿರನ್ನೂ ಕರೆತನ್ನಿ, ಕುರ್ಚಿ ಹಾಕಿಸಿರುತ್ತೇವೆ. ಮಳೆ ಜಾಸ್ತಿಯಾಗಿ ಅವತ್ತು ರಜೆ ಘೋಷಣೆಯಾದರೆ ಸಭೆ ಅದರ ಮುಂದಿನ ಶನಿವಾರ, ಅದೇ ಹೊತ್ತಿಗೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ