ಬಿತ್ತನೆ ಟಗರು ಕೊಳ್ಳುವ ಮುಂಚೆ: ಅಳಿಯನಿಗೊಂದು ಪತ್ರ

ಚಿ. ಮಹೇಶನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಮೂವತ್ತು ಬನ್ನೂರು ಕುರಿ ಕಟ್ಟಿದ್ದೀಯ, ಈಗ ಟಗರು ಹುಡುಕುತ್ತಿದ್ದೀಯ ಅಂತ ನಿಮ್ಮವ್ವ ಹೇಳಿದಳು. ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಪೂರ್ತಿ ಓದು. ಒಂದು ಕುರಿ ಕೆಟ್ಟದ್ದಾದರೆ ವರ್ಷಕ್ಕೆ ಒಂದೋ ಎರಡೋ ಮರಿ ಹೋಯಿತು. ಟಗರು ಕೆಟ್ಟದ್ದಾದರೆ ಆ ಸಲದ ಅಷ್ಟೂ ಮರಿಯ ಮೇಲೆ ಅದರ ಗುರುತು ಬೀಳುತ್ತದೆ. ಹೆಣ್ಣುಮರಿಗಳನ್ನು ಉಳಿಸಿಕೊಳ್ಳುತ್ತಾ ಒಂದರ ಹಿಂದೊಂದು ಮೂರು ಟಗರು ಬಿಟ್ಟೆ ಅಂದುಕೋ, ಮೂರನೇ ತಲೆಮಾರಿನ ಮರಿಯ ರಕ್ತದಲ್ಲಿ ಎಂಟರಲ್ಲಿ ಏಳು ಪಾಲು ಆ ಮೂರು ಟಗರಿನದು.

ನಮ್ಮ ಸೀಮೆಯಲ್ಲಿ ತಳಿ ಸೊರಗುವುದಕ್ಕೆ ದೊಡ್ಡ ಕಾರಣ ಬೇಗ ಮಾರುವುದು. ಯಾವ ಗಂಡುಮರಿ ಬೇಗ ಮೈದುಂಬುತ್ತದೋ ಅದೇ ಮೊದಲು ಬಕ್ರೀದ್ ವ್ಯಾಪಾರಿಯ ಟೆಂಪೋ ಹತ್ತುತ್ತದೆ. ಯಾರಿಗೂ ಬೇಡವಾಗಿ ಉಳಿದ ಸಣಕಲು ಮರಿ ಹಿಂಡಿನಲ್ಲೇ ಬೆಳೆದು ಮುಂದಿನ ಮರಿಗಳಿಗೆ ಅಪ್ಪನಾಗುತ್ತದೆ. ಹೀಗೆ ಹತ್ತು ವರ್ಷ ನಡೆದರೆ ಒಳ್ಳೆಯದನ್ನೆಲ್ಲ ಮಾರಿ, ಕೆಟ್ಟದ್ದನ್ನೇ ಆರಿಸಿ ಬೆಳೆಸಿದಂತಾಯಿತು. ಅದಕ್ಕೇ ಸಂತೆಯಲ್ಲಿ ಟಗರು ಕೊಳ್ಳಬೇಡ. ಮರಿ ಹುಟ್ಟಿದ ಹಿಂಡಿಗೇ ಹೋಗು, ಮಾರಾಟಕ್ಕೆ ಮುಂಚೆಯೇ ಹೋಗು, ಮಾಂಸದ ಬೆಲೆಗಿಂತ ಹೆಚ್ಚು ಕೊಟ್ಟಾದರೂ ಒಳ್ಳೆಯದನ್ನು ಬಿಡಿಸಿಕೊ. ಮಳವಳ್ಳಿ ತಾಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ತಳಿ ಕೇಂದ್ರವಿದೆ, ಅಲ್ಲೂ ವಿಚಾರಿಸು.

ಹಿಂಡಿಗೆ ಹೋದವನು ಟಗರಿಗಿಂತ ಮೊದಲು ಅದರ ತಾಯಿಯನ್ನು ತೋರಿಸಲು ಕೇಳು. ಕೆಚ್ಚಲು ಎರಡೂ ಕಡೆ ಮೆತ್ತಗೆ, ಸಮನಾಗಿ ಇರಬೇಕು. ಎಷ್ಟು ಸಲ ಈದಿದೆ, ಮರಿಗಳು ಉಳಿದಿವೆಯೇ, ಅವಳಿ ಹಾಕಿತ್ತೇ ಎಂದು ವಿಚಾರಿಸು. ಅದೇ ತಿಂಗಳು, ಅದೇ ರೊಪ್ಪದಲ್ಲಿ, ಅದೇ ಮೇವು ತಿಂದು ಬೆಳೆದ ಮರಿಗಳ ಜೊತೆಯಲ್ಲೇ ತೂಗಿ ನೋಡು. ಒಂಟಿಯಾಗಿ ಕಟ್ಟಿ ಹಿಂಡಿ ತಿನ್ನಿಸಿದ ಮರಿಯ ತೂಕ ಹಿಂಡಿಯ ಗುಣವೋ ಮರಿಯ ಗುಣವೋ ತಿಳಿಯುವುದಿಲ್ಲ. ಅವಳಿಯಲ್ಲಿ ಒಂದಾದ ಮರಿ ಒಂದೆರಡು ಕಿಲೋ ಕಡಿಮೆ ತೂಗಿದರೆ ತಳ್ಳಿಹಾಕಬೇಡ, ಅದು ತಾಯಿಯ ಹಾಲನ್ನು ಹಂಚಿಕೊಂಡು ಬೆಳೆದದ್ದು.

ಬನ್ನೂರು ತಳಿಯ ಲಕ್ಷಣ ನಿನಗೆ ಗೊತ್ತು: ಬಿಳಿ ಮೈ, ಮುಖದ ಮೇಲೆ ತಿಳಿಗಂದು, ಕೊಂಬಿಲ್ಲ, ಜೋಲುಕಿವಿ, ಗಿಡ್ಡ ಕಾಲು. ಕತ್ತಿನಡಿ ಜೋತಾಡುವ ತೊಗಲಿನ ಕುಚ್ಚು ಎಷ್ಟೋ ಕುರಿಗಳಿಗೆ ಇರುತ್ತದೆ, ಅದೊಂದನ್ನೇ ನಂಬಿ ಬೆಲೆ ಕಟ್ಟಬೇಡ. ಹಿಂದೆ ನಿಂತು ನೋಡು. ಎರಡು ತೊಡೆಗಳ ನಡುವಿನ ಆಕಾರ ತಲೆಕೆಳಗಾದ ‘ಯು’ ಅಕ್ಷರದಂತೆ ಅಗಲವಾಗಿ ಇರಬೇಕು. ಚೂಪಾಗಿ ಕೂಡಿದ್ದರೆ ತೊಡೆಯಲ್ಲಿ ಮಾಂಸವಿಲ್ಲ.

ಬಾಯಿ ತೆರೆಸು. ಮುಂದಿನ ಹಲ್ಲು ಕೆಳದವಡೆಯಲ್ಲಿ ಮಾತ್ರ ಎಂಟು. ಅವು ಮೇಲಿನ ವಸಡಿನ ಗಟ್ಟಿ ಭಾಗಕ್ಕೆ ಸರಿಯಾಗಿ ಕೂರಬೇಕು. ಮುಂದೆ ಚಾಚಿದ್ದರೂ ಹಿಂದೆ ಸರಿದಿದ್ದರೂ ಬೇಡ, ಆ ದೋಷ ಮರಿಗಳಿಗೂ ಇಳಿಯುತ್ತದೆ. ನಡುವಿನ ಎರಡು ದೊಡ್ಡ ಹಲ್ಲು ಬಂದಿದ್ದರೆ ಸುಮಾರು ಒಂದೂಕಾಲು, ಒಂದೂವರೆ ವರ್ಷ. ಆ ಎರಡು ಹಲ್ಲಿನ ಟಗರೇ ನಿನಗೆ ಸರಿ.

ಆಮೇಲೆ ಬೀಜ. ಎಷ್ಟೋ ಜನ ನಾಚಿಕೊಂಡು ಬಿಡುವುದು ಇದನ್ನೇ, ಮೋಸ ಹೋಗುವುದೂ ಇಲ್ಲೇ. ಟಗರನ್ನು ನಿಲ್ಲಿಸಿ ಹಿಂದಿನಿಂದ ಎರಡು ಕೈಯಲ್ಲೂ ಹಿಡಿ. ಎರಡೂ ಇಳಿದಿರಬೇಕು, ಒಂದೇ ಗಾತ್ರ ಇರಬೇಕು, ಚೀಲದೊಳಗೆ ಮೇಲೆ ಕೆಳಗೆ ಸಲೀಸಾಗಿ ಜಾರಬೇಕು. ಒತ್ತಿದರೆ ಬಿಗಿಹಿಡಿದ ತೋಳಿನ ಖಂಡದಷ್ಟು ಗಟ್ಟಿ ಇರಲಿ. ಮೆತ್ತಗೆ ಕುಸಿದರೆ ವೀರ್ಯ ಕಡಿಮೆ. ತುದಿಯಲ್ಲಿ, ಕೆಳಗಡೆ, ಒಂದು ಸಣ್ಣ ಉಬ್ಬು ಎರಡಕ್ಕೂ ಇರುತ್ತದೆ, ಅದು ಸಹಜ. ಒಂದು ಕಡೆಯದು ಮಾತ್ರ ಗಂಟುಕಟ್ಟಿ ದಪ್ಪಗಾಗಿದ್ದರೆ, ಮುಟ್ಟಿದರೆ ನೋಯುತ್ತಿದ್ದರೆ, ಬ್ರೂಸೆಲ್ಲಾದಂಥ ಸೋಂಕು ಇರಬಹುದು; ಬಿಟ್ಟು ಬಾ. ದರ್ಜಿಯ ಟೇಪಿನಿಂದ ಅಗಲವಾದ ಕಡೆ ಸುತ್ತಳತೆ ಹಿಡಿದು ಅದೇ ವಯಸ್ಸಿನ ಜೊತೆಯವುಗಳೊಂದಿಗೆ ಹೋಲಿಸು, ದೊಡ್ಡದನ್ನು ಆರಿಸು. ಬಿಸಿಲಿನ ಹೊತ್ತಿನಲ್ಲಿ ಚೀಲ ಸಡಿಲವಾಗಿ ಕೆಳಗೆ ಇಳಿಯಬೇಕು, ಏಕೆಂದರೆ ಬೀಜ ಮೈಗಿಂತ ನಾಲ್ಕೈದು ಡಿಗ್ರಿ ತಂಪಾಗಿದ್ದರೇ ವೀರ್ಯ ಚೆನ್ನಾಗಿ ಆಗುವುದು.

ಇನ್ನೊಂದು ಮಾತು ಮರೆಯಬೇಡ. ಇವತ್ತು ಹೊರಬರುವ ವೀರ್ಯ ತಯಾರಾಗಲು ಶುರುವಾಗಿದ್ದು ಏಳೆಂಟು ವಾರದ ಹಿಂದೆ. ನೀಲಿ ನಾಲಿಗೆ ರೋಗವೋ ಕಾಲುಬಾಯಿ ಜ್ವರವೋ ಬಂದು ಮೈ ಕಾದ ಟಗರು ವಾರದಲ್ಲಿ ಚೇತರಿಸಿಕೊಂಡು ಕುರಿ ಹಾರಬಹುದು, ಆದರೆ ಎರಡು ತಿಂಗಳು ಗಬ್ಬ ನಿಲ್ಲದೇ ಹೋಗಬಹುದು. ಹಾಗಾಗಿ ಇತ್ತೀಚೆಗೆ ಜ್ವರ ಬಂದಿತ್ತೇ ಅಂತ ಬಿಡಿಸಿ ಕೇಳು.

ಕಾಲನ್ನು ಗಟ್ಟಿ ನೆಲದ ಮೇಲೆ ನಡೆಸಿಯೇ ನೋಡು. ಹಾರುವಾಗ ಇಡೀ ಭಾರ ಹಿಂಗಾಲ ಮೇಲೆ. ಗೊರಸಿನ ಸಂದು ಕೊಳೆತಿದ್ದರೆ, ಕುಂಟುತ್ತಿದ್ದರೆ ಬೇಡ.

ಮನೆಗೆ ತಂದ ಮೇಲೆ ಮೂರು ನಾಲ್ಕು ವಾರ ಹಿಂಡಿನಿಂದ ದೂರ ಕಟ್ಟು. ಆ ನಡುವೆ ಪಶು ಆಸ್ಪತ್ರೆಯಲ್ಲಿ ಬ್ರೂಸೆಲ್ಲಾಕ್ಕೆ ರಕ್ತ, ಜಂತುವಿಗೆ ಹಿಕ್ಕೆ ಪರೀಕ್ಷೆ ಮಾಡಿಸು. ಪಿಪಿಆರ್ (ಕುರಿ, ಮೇಕೆಗಳ ಪ್ಲೇಗು), ಕರುಳುಬೇನೆ ಲಸಿಕೆ ಆಗಿಲ್ಲದಿದ್ದರೆ ಹಾಕಿಸು. ಬ್ರೂಸೆಲ್ಲಾ ಮನುಷ್ಯರಿಗೂ ಅಂಟುತ್ತದೆ; ಕುರಿ ದಿನ ತುಂಬದೆ ಕಂದು ಹಾಕಿದರೆ ಅದನ್ನು ಬರಿಗೈಯಲ್ಲಿ ಮುಟ್ಟಬೇಡ, ನಿಮ್ಮವ್ವನಿಗೂ ಹೇಳು.

ಟಗರನ್ನು ಕುರಿಗಳ ಜೊತೆ ಬಿಡುವುದಕ್ಕೆ ಆರೇಳು ವಾರ ಮುಂಚಿನಿಂದ ದಿನಕ್ಕೆ 300ರಿಂದ 400 ಗ್ರಾಂ ಕೈತಿಂಡಿ ಕೊಡು: ಮೆಕ್ಕೆಜೋಳದ ನುಚ್ಚು, ಹುರುಳಿ, ಸ್ವಲ್ಪ ಕಡಲೆಕಾಯಿ ಹಿಂಡಿ, ಖನಿಜ ಮಿಶ್ರಣ. ಬೂಸಾ ಜಾಸ್ತಿ ಸುರಿಯಬೇಡ. ಅದರಲ್ಲಿ ರಂಜಕ ಹೆಚ್ಚು, ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಟಗರು ಬೆನ್ನು ಬಗ್ಗಿಸಿ ತಿಣುಕುತ್ತಾ ನಿಂತು ಹನಿ ಹನಿಯಾಗಿ ಉಚ್ಚೆ ಹೊಯ್ದರೆ ಅದೇ ದಿನ ಡಾಕ್ಟರನ್ನು ಕರೆಸು, ನಾಳೆಗೆ ಬಿಟ್ಟರೆ ಸಾಯುತ್ತದೆ. ಉಪ್ಪು, ಶುದ್ಧ ನೀರು ಸದಾ ಮುಂದಿರಲಿ. ಹಾಗಂತ ಕೊಬ್ಬಲೂ ಬಿಡಬೇಡ. ಸೊಂಟದ ಮೂಳೆ ಕೈಗೆ ಸಿಗಬೇಕು, ಚುಚ್ಚಬಾರದು.

ಎರಡು ಹಲ್ಲಿನ ಟಗರಿಗೆ 25 ಕುರಿ ಸಾಕು. ಉಳಿದ ಐದನ್ನು ಎರಡನೇ ಸುತ್ತಿಗೆ ಬಿಡು. ಜೂನ್, ಜುಲೈನಲ್ಲಿ ಬಿಟ್ಟರೆ ಐದು ತಿಂಗಳಿಗೆ, ಅಂದರೆ ನವೆಂಬರ್, ಡಿಸೆಂಬರ್‌ನಲ್ಲಿ ಈಯುತ್ತವೆ. ಮಳೆಯ ಕೆಸರು ಇರುವುದಿಲ್ಲ, ಹೊಲದಲ್ಲಿ ಕೂಳೆ ಮೇವು ಇರುತ್ತದೆ. ಟಗರಿನ ಎದೆಗೆ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಬಳಿ, ಎರಡು ಮೂರು ದಿನಕ್ಕೊಮ್ಮೆ ಮತ್ತೆ ಬಳಿ. ಹಾರಿದ ಕುರಿಯ ಬೆನ್ನ ಹಿಂಭಾಗಕ್ಕೆ ಬಣ್ಣ ಹತ್ತುತ್ತದೆ. ಕುರಿಗೆ ಬೆದೆ ಬರುವುದು 17 ದಿನಕ್ಕೊಮ್ಮೆ, ಆದ್ದರಿಂದ 17ನೇ ದಿನ ಬಣ್ಣ ಬದಲಿಸಿ ನೀಲಿ ಬಳಿ. ಕೆಂಪು ಹತ್ತಿದ ಕುರಿಗಳಲ್ಲಿ ಹೆಚ್ಚಿನವಕ್ಕೆ ಮತ್ತೆ ನೀಲಿಯೂ ಹತ್ತಿದರೆ ಟಗರಿನಲ್ಲೇ ದೋಷ. ಕಾಯಬೇಡ, ಪರೀಕ್ಷೆ ಆಗಿರುವ ಬೇರೆ ಟಗರು ತಂದು ಬಿಡು. ಇಲ್ಲದಿದ್ದರೆ ಒಂದು ಸುಗ್ಗಿಯ ಮರಿಯೇ ಇಲ್ಲ.

ಹೆಣ್ಣುಮರಿ ಒಂಬತ್ತು ಹತ್ತು ತಿಂಗಳಿಗೇ ಬೆದೆಗೆ ಬರಬಹುದು. ಅಪ್ಪನೇ ಮಗಳನ್ನು, ಇಲ್ಲವೇ ಅಣ್ಣನೇ ತಂಗಿಯನ್ನು ಹಾರಿದರೆ ಹುಟ್ಟುವ ಮರಿ ಬಡಕಲು, ಸಾವೂ ಹೆಚ್ಚು. ಗಂಡುಮರಿಗಳನ್ನು ನಾಲ್ಕು ತಿಂಗಳಿಗೇ ಬೇರೆ ಮಾಡು. ಎರಡು ವರ್ಷಕ್ಕೊಮ್ಮೆ ಟಗರನ್ನೂ ಬದಲಿಸು. ಚೆನ್ನಾಗಿ ಕೆಲಸ ಮಾಡಿದ್ದನ್ನು ಕಟುಕನಿಗೆ ಕೊಡಬೇಡ, ದೂರದ ಊರಿನ ಒಳ್ಳೆಯ ಹಿಂಡಿನವರ ಜೊತೆ ಅದಲುಬದಲು ಮಾಡಿಕೊ. ಬಂದದ್ದು ನಿನ್ನ ಟಗರಿನ ಅಣ್ಣನೋ ತಮ್ಮನೋ ಆಗಿರದಂತೆ ಮಾತ್ರ ನೋಡಿಕೊ. ಪ್ರತಿ ಮರಿಯ ಕಿವಿಗೆ ನಂಬರಿನ ಓಲೆ ಹಾಕಿ, ತಾಯಿ, ತಂದೆ, ಹುಟ್ಟಿದ ದಿನ, ಮೂರು ತಿಂಗಳ ತೂಕ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡು. ಮುಂದಿನ ವರ್ಷ ಯಾವ ಮರಿಯನ್ನು ವ್ಯಾಪಾರಿಗೆ ಕೊಡಬಾರದು ಅನ್ನುವುದು ಆ ಪುಸ್ತಕದಲ್ಲೇ ಸಿಗುತ್ತದೆ.

ಟಗರು ನೋಡಲು ಹೊರಡುವ ಹಿಂದಿನ ದಿನ ಫೋನು ಮಾಡು, ನಾನೂ ಬರುತ್ತೇನೆ.

ಇಂತಿ,
ನಿನ್ನ ಸೋದರಮಾವ