ಕಾಡಾಮೆ: ಸಾರಿಗೂ ಬೇಡ, ಕೆರೆಗೂ ಬೇಡ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಕೊಡಗಿನ ಕಾಡಂಚಿನಲ್ಲಿ ಕಾಡಾಮೆಗೆ ಕಷ್ಟಕಾಲ. ತಿರುವಾಂಕೂರು ಆಮೆ ಎಂದೂ ಹೆಸರಿರುವ ಇದು ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ತರಗೆಲೆ ಉರಿದು ನೆಲ ಬೋಳಾದರೆ ಅಡಗಲು ಜಾಗವಿಲ್ಲ. ಜೇನಿಗೋ ಸೀಗೆಕಾಯಿಗೋ ಹೋದವರ ನಾಯಿ ಮೂಸಿ ಬೊಗಳಿದರೆ ಮುಗಿಯಿತು. ಬಂದೂಕು ಬೇಡ, ಉರುಳು ಬೇಡ, ಒಂದು ಗೋಣಿಚೀಲ ಸಾಕು. ಅದಕ್ಕೇ ಇದನ್ನು ಯಾರೂ ಬೇಟೆಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹಿಡಿಯುವುದೂ ಅಪರಾಧ, ಮನೆಯಲ್ಲಿಟ್ಟು ಸಾಕುವುದೂ ಅಪರಾಧ.

ಹೆಣ್ಣು ಒಂದು ಸಲಕ್ಕೆ ಇಡುವುದು 1ರಿಂದ 5 ಮೊಟ್ಟೆ. ಉಡ, ಹಂದಿಗಳ ಪಾಲು ಹೋಗಿ ಉಳಿದ ಮರಿ ಬಲಿಯಲು ವರ್ಷಗಟ್ಟಲೆ ಬೇಕು. ಸಾರಿನ ಪಾತ್ರೆಗೆ ಬೀಳುವುದು ಮಾತ್ರ ಅಡಿ ಉದ್ದ ಬೆಳೆದ ದೊಡ್ಡವೇ. ನಾಟಿಕೋಳಿಯ ಹಾಗೆ ಮುಂದಿನ ವರ್ಷಕ್ಕೆ ಮತ್ತೆ ತುಂಬಿಕೊಳ್ಳುವ ಸಂತತಿ ಇದಲ್ಲ. ಇದರ ಮಾಂಸ ಮೂಲವ್ಯಾಧಿಗೆ, ದಮ್ಮಿಗೆ ಮದ್ದು ಎಂಬ ಮಾತಿಗೂ ಆಧಾರವಿಲ್ಲ. ಆಮೆಯ ಕರುಳಲ್ಲಿರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ವಾಂತಿ ಭೇದಿ ಹಿಡಿದೀತು, ಅಷ್ಟೆ.

ಕೊಲ್ಲದವರೂ ಒಂದು ತಪ್ಪು ಮಾಡುತ್ತಾರೆ. ಆಮೆ ಎಂದರೆ ನೀರು ಎಂದುಕೊಂಡು, ಪುಣ್ಯ ಬರಲೆಂದು ದೇವಸ್ಥಾನದ ಕಲ್ಯಾಣಿಗೋ ಕೆರೆಗೋ ಬಿಟ್ಟುಬಿಡುತ್ತಾರೆ. ಕಾಡಾಮೆ ನೆಲದ ಪ್ರಾಣಿ. ಕಲ್ಲು ಕಟ್ಟಿದ ಕಲ್ಯಾಣಿಯಿಂದ ಮೇಲೆ ಹತ್ತಲಾಗದೆ, ಸುಸ್ತಾಗಿ ಮುಳುಗಿ ಸಾಯುತ್ತದೆ. ಕಾಲು ನೋಡಿದರೆ ಗುರುತು ಸಿಗುತ್ತದೆ: ನೀರಾಮೆಗೆ ಬೆರಳ ನಡುವೆ ಚರ್ಮದ ಪೊರೆ, ಕಾಡಾಮೆಗೆ ಆನೆಯ ಪಾದದಂಥ ಮೊಂಡು ಹಿಂಗಾಲು. ಚಿಪ್ಪು ಉಬ್ಬಿಕೊಂಡು ಕಂದು ಬಣ್ಣಕ್ಕಿದ್ದು ಅಲ್ಲಲ್ಲಿ ಕಪ್ಪು ಮಚ್ಚೆ ಇರುತ್ತದೆ.

ರಸ್ತೆಯಲ್ಲಿ ಕಂಡರೆ ಎರಡೂ ಪಕ್ಕದಿಂದ ಹಿಡಿದು, ನೆಲದಿಂದ ಗೇಣು ಮಾತ್ರ ಎತ್ತಿ, ಅದು ಹೊರಟ ಕಡೆಗೇ ದಾಟಿಸಿ. ಹಿಂದಕ್ಕೆ ಒಯ್ದು ಬಿಟ್ಟರೆ ಮತ್ತೆ ರಸ್ತೆಗೇ ಬರುತ್ತದೆ. ಅಂಗಾತ ಮಾಡಬೇಡಿ. ಗಾಬರಿಗೆ ಉಚ್ಚೆ ಹೊಯ್ದರೆ ಬೇಸಿಗೆಗೆಂದು ಒಳಗೆ ಹಿಡಿದಿಟ್ಟ ನೀರೆಲ್ಲ ಹೋದಂತೆ. ಚಿಪ್ಪು ಒಡೆದಿದ್ದರೆ ಅರಿಶಿನ, ಸುಣ್ಣ ಮೆತ್ತದೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.

ಇಲಾಖೆಗೂ ಒಂದು ಮಾತು. ವಶಪಡಿಸಿಕೊಂಡ ಆಮೆ ಯಾವ ಕಾಡಿನದು ಎಂದು ಮಹಜರಿನಲ್ಲೇ ಬರೆಸಿ, ಅಲ್ಲಿಗೇ ಬಿಡಬೇಕು. ಬೇರೆ ಕಡೆ ಹಿಡಿದ ನಕ್ಷತ್ರ ಆಮೆಗಳ ಜೊತೆ ಒಂದೇ ತೊಟ್ಟಿಗೆ ಹಾಕಿದರೆ ಮೂಗು ಸೋರುವ ರೋಗ ಅಂಟಿ, ಅದನ್ನೇ ಕಾಡಿಗೂ ಹೊತ್ತೊಯ್ಯುತ್ತವೆ. ಕಾಳ್ಗಿಚ್ಚು ಹರಡದಂತೆ ಬೋಳು ಮಾಡುವ ಬೆಂಕಿರೇಖೆಯ ತರಗೆಲೆ ಸುಡುವ ಮುನ್ನ ವಾಚರುಗಳು ಕೋಲಿನಿಂದ ಒಮ್ಮೆ ಕೆದಕುತ್ತಾ ನಡೆದರೆ ಒಳಗೆ ಮಲಗಿದವು ಸಿಗುತ್ತವೆ. ಕಾಡಂಚಿನ ತೋಟದವರು ಮಾರ್ಚ್, ಏಪ್ರಿಲ್‌ನಲ್ಲಾದರೂ ನಾಯಿ ಕಟ್ಟಿಹಾಕಲಿ.

– ವನ್ಯಜೀವಿ ಆಸಕ್ತರು, ವಿರಾಜಪೇಟೆ