ಮೂರನೆಯ ಅಧ್ಯಾಯದ ಆ ಕೂಗು

ಪ್ರೀತಿಯ ತಂಗಿ,

ನಿನ್ನ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಸಲ ಓದಿದೆ, ಎರಡನೆಯ ಸಲ ಸಿಟ್ಟಿನಿಂದ. ‘ಸ್ಕಾಟ್ಲೆಂಡಿನ ದಂಗೆ ಕನ್ನಡದವರಿಗೇಕೆ’ ಎಂದು ಪ್ರಕಾಶಕರು ಹಿಂದಿರುಗಿಸಿದರೆಂದು ಕಣ್ಣೀರಿಟ್ಟಿದ್ದೀಯ. ಅವರಿಗೆ ಉತ್ತರ ಸುಲಭ. ಕಳೆದುಹೋದ ಸಿಂಹಾಸನವನ್ನು ಸ್ಟುವರ್ಟ್ ವಂಶಕ್ಕೆ ಮರಳಿಸಲು ಬ್ರಿಟನ್ನಿನ ದೊರೆ ಎರಡನೆಯ ಜಾರ್ಜನ ಮೇಲೆ ಎದ್ದ ಆ ದಂಗೆಯಲ್ಲಿ ಸೆರೆಸಿಕ್ಕು ಕ್ಷಮೆ ಪಡೆದ ಲಾರ್ಡ್ ಮೆಕ್ಲಿಯಡ್ ಮೂವತ್ತು ವರ್ಷಗಳ ಮೇಲೆ, ತಾನು ಎದುರಿಸಿದ್ದ ಜಾರ್ಜನ ರಾಜಮನೆತನಕ್ಕಾಗಿಯೇ ಒಂದು ರೆಜಿಮೆಂಟ್ ಕಟ್ಟಿದ. ಅದು ಹೈದರಾಲಿಯ ಮೇಲೆ ಯುದ್ಧಕ್ಕೆ ಬಂತು, ಅದರ ಎಷ್ಟೋ ಹುಡುಗರು ಶ್ರೀರಂಗಪಟ್ಟಣದ ಸೆರೆಯಲ್ಲಿ ಕೊಳೆತರು. ಅಧ್ಯಾಯ ಎಷ್ಟು ಉದ್ದವಿರಬೇಕು, ಮುನ್ನುಡಿ ಯಾರಿಂದ ಬರೆಸಬೇಕು ಎಂದೆಲ್ಲ ನನ್ನನ್ನು ಕೇಳಬೇಡ.

ನನ್ನ ತಕರಾರು ಮೂರನೆಯ ಅಧ್ಯಾಯದ್ದು. ಆ್ಯನ್ ಫಾರ್ಕರ್ಸನ್ ಕುದುರೆಯೇರಿ ಬರುತ್ತಾಳೆ, ರೈತರೆಲ್ಲ ‘ಸ್ವಾತಂತ್ರ್ಯ!’ ಎಂದು ಕೂಗಿ ಕತ್ತಿ ಎತ್ತುತ್ತಾರೆ. ಅಲ್ಲಿ ಹಾಳೆಗಳನ್ನು ಮಗುಚಿಟ್ಟು ಎದ್ದುಹೋದೆ.

1745ರಲ್ಲಿ ಆಕೆಯ ಗಂಡ ಆಂಗಸ್ ಮ್ಯಾಕಿಂಟಾಷ್ ಎರಡನೆಯ ಜಾರ್ಜನ ಸೇನೆಯಲ್ಲಿ ಕ್ಯಾಪ್ಟನ್. ಆಕೆ ಸ್ಟುವರ್ಟ್ ವಂಶದ ಚಾರ್ಲ್ಸನಿಗಾಗಿ ಗಂಡನ ಒಕ್ಕಲುಗಳನ್ನೇ ಕೂಡಿಸಿದಳು. ಈಗ ಒಬ್ಬ ಒಕ್ಕಲಿನ ಬಾಗಿಲಲ್ಲಿ ನಿಂತು ನೋಡು. ಉಳುವ ನೆಲ ಕುಲದೊಡೆಯನದು, ಒಡೆಯ ಕರೆದಾಗ ಆಯುಧ ಹಿಡಿದು ಹೋಗಬೇಕು. ಇಲ್ಲಿ ಒಡೆಯ ಒಂದು ಕಡೆ, ಒಡತಿ ಇನ್ನೊಂದು ಕಡೆ. ಯಾರ ಮಾತು ಮೀರಿದರೆ ಮನೆ ಉಳಿಯುತ್ತದೆ? ಬಾಯಲ್ಲಿ ಏನೇ ಕೂಗಲಿ, ಅವನ ಕಣ್ಣು ಮೊದಲು ಹಟ್ಟಿಯ ಕಡೆ ಹೋಗಿರುತ್ತದೆ.

ಇದು ನನ್ನ ಊಹೆಯಷ್ಟೇ ಅಲ್ಲ. ದಂಗೆಗೆ ಸೇರಿದ್ದಕ್ಕಾಗಿ ವಿಚಾರಣೆಗೆ ಗುರಿಯಾದ ಅಲೆಕ್ಸಾಂಡರ್ ಮೆಕ್‌ಗ್ರೌದರ್ ಎಂಬವನು 1746ರಲ್ಲಿ ನ್ಯಾಯಾಲಯದಲ್ಲಿ ಹೇಳಿಕೊಂಡದ್ದೂ ಅದನ್ನೇ: ಬರದಿದ್ದರೆ ಮನೆ ಸುಡುತ್ತೇವೆ, ದನ ಹೊಡೆದುಕೊಂಡು ಹೋಗುತ್ತೇವೆ ಎಂದು ದಂಗೆಯ ಮುಂದಾಳು ಪರ್ತ್‌ನ ಡ್ಯೂಕನ ಕಡೆಯಿಂದ ಬೆದರಿಕೆ ಬಂದಿತ್ತು ಎಂದು. ಆಸ್ತಿಯ ಭಯ ನೆಪವಾಗದು, ಎದುರಿಗೇ ನಿಂತ ಸಾವಿನ ಭಯ ಮಾತ್ರ ಆಗಬಹುದು ಎಂದಿತು ನ್ಯಾಯಾಲಯ. ಮನೆಯೂ ದನವೂ ಹೋದ ಮೇಲೆ ಆ ಬೆಟ್ಟಗಳ ಚಳಿಗಾಲದಲ್ಲಿ ಸಾವು ಎಷ್ಟು ದೂರವಿರುತ್ತಿತ್ತು ಎಂದು ಆ ನ್ಯಾಯಾಧೀಶರಿಗೆ ಯಾರು ಹೇಳಬೇಕಿತ್ತು?

ಎಲ್ಲರೂ ಬೆದರಿಯೇ ಹೋದರು ಎನ್ನುತ್ತಿಲ್ಲ. ಮನಸಾರೆ ಹೋದವರೂ ಇದ್ದರು, ನೆರೆಯವನು ಹೋದನೆಂದು ಹೋದವರೂ ಇದ್ದರು. ನೇಣಿನ ಮುಂದೆ ‘ಬಲವಂತವಾಗಿತ್ತು’ ಎಂದು ಸುಳ್ಳು ಹೇಳಿದವರೂ ಇರಬೇಕು. ಆ ಗೋಜಲನ್ನು ನೀನೇಕೆ ಒಂದು ಕೂಗಿನಲ್ಲಿ ಮುಗಿಸಿದೆ?

1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಸರ್ಕಾರದ ಸೇನೆಯ ಮುಂದೆ ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಆ್ಯನ್ ಕೂಡಿಸಿದ ದಂಡನ್ನು ನಡೆಸಿದ ಮೆಕ್‌ಗಿಲಿವ್ರೇ ಅಲ್ಲೇ ಸತ್ತ, ಹಿಂದೆ ನುಗ್ಗಿದ ಒಕ್ಕಲುಗಳೂ ರಾಶಿಯಾಗಿ ಬಿದ್ದರು. ಆಕೆ ಇನ್ವರ್ನೆಸ್‌ನಲ್ಲಿ ಆರು ವಾರ ಸೆರೆಯಲ್ಲಿದ್ದು ಮನೆಗೆ ಹೋದಳು. ಸಾಮಾನ್ಯ ಕೈದಿಗಳಿಗೆ ಚೀಟಿ ಎತ್ತಿಸಿದರು: ಇಪ್ಪತ್ತಕ್ಕೊಬ್ಬನಿಗೆ ವಿಚಾರಣೆ, ಉಳಿದವರಲ್ಲಿ ನೂರಾರು ಮಂದಿಗೆ ಕಡಲಾಚೆಯ ತೋಟಗಳಲ್ಲಿ ಜೀತ. ಆ ಹೆಂಗಸನ್ನು ನಾನು ಹಳಿಯುತ್ತಿಲ್ಲ. ಆಕೆಯ ಆರು ವಾರಕ್ಕೆ ನಲವತ್ತು ಪುಟ ಕೊಟ್ಟು, ಚೀಟಿ ಎತ್ತಿದವರಿಗೆ ಒಂದೇ ಸಾಲು ಕೊಟ್ಟ ನಿನ್ನನ್ನು ಹಳಿಯುತ್ತಿದ್ದೇನೆ.

ಇಷ್ಟು ಕೋಪವೇಕೆಂದರೆ ಈ ಕಳ್ಳತನ ನಾನೂ ಮಾಡಿದವನು. ಅಂಕೋಲೆಯ ಕಡೆಯ ಒಬ್ಬ ಮುದುಕಿಯನ್ನು ಕರನಿರಾಕರಣೆಯ ಬಗ್ಗೆ ಕೇಳಿದ್ದೆ. ‘ಒಡೆಯರು ಕರೆದರು, ಹೋದೆವು. ಅಕ್ಕಿ ಮುಗಿದಿತ್ತು’ ಎಂದಳು. ಕಾದಂಬರಿಯಲ್ಲಿ ಅವಳ ಬಾಯಿಗೆ ಎರಡು ಪುಟ ಭಾಷಣ ತುರುಕಿದೆ. ಬಿಡುಗಡೆಯ ದಿನ ಅದನ್ನೇ ಓದಿಸಿದರು, ಚಪ್ಪಾಳೆ ಬಿತ್ತು. ಪುಸ್ತಕ ಕೊಡಲು ಅವಳ ಮನೆಗೆ ಹೋಗುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ನೀನು ಬರೆಯಬಲ್ಲೆ. ಬೆಟ್ಟನಾಡಿನ ಉಡುಪನ್ನು ಸರ್ಕಾರ ನಿಷೇಧಿಸಿದ ಮೇಲೆ ಗಂಡ ಹೊದೆಯುತ್ತಿದ್ದ ಚೌಕಳಿ ಬಟ್ಟೆಯನ್ನು ಹೆಂಡತಿ ಕಪ್ಪು ಬಣ್ಣದಲ್ಲಿ ಅದ್ದುತ್ತಾಳಲ್ಲ, ಆ ಪುಟವನ್ನು ನಮ್ಮ ಮನೆಯವಳಿಗೂ ಓದಿ ಹೇಳಿದೆ. ಅಲ್ಲಿ ಅವಳು ಒಂದು ಮಾತೂ ಆಡುವುದಿಲ್ಲ. ಕಾದಂಬರಿಯನ್ನು ಅಲ್ಲಿಂದ ಶುರುಮಾಡಿ ಮತ್ತೆ ಕಳಿಸು. ಅಕ್ಷರ ದೊಡ್ಡದಿರಲಿ, ಈಗ ಎಡಗಣ್ಣೂ ಮಂಜಾಗಿದೆ.

ನಿನ್ನ
ಮೇಷ್ಟ್ರು